ಬೆಳಕೆಯಿಂದ ಬೀಗ ಹಾಕಿ ಹೋಗುತ್ತಿದ್ದ ಮಾಲು

ಇಂಟರ್ನೆಟ್ ಕೆಲಸದಲ್ಲಿ ಇರುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ನಗೆಯೇ ಫೋನ್ ಮಾಡಿ, "ನಮ್ಮನೇಲಿ ನೆಟ್ ಬತ್ತಾ ಇಲ್ಲ" ಅನ್ನುತ್ತದೆ. ಎರಡು ಸಾವಿರದ ಐದು-ಆರರ ಸುಮಾರಿಗೆ ನಾನು ಹೊನ್ನಾವರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಭಟ್ಕಳದಿಂದ ಕುಮಟಾದವರೆಗೆ ಮನೆಮನೆಗೆ ಇಂಟರ್ನೆಟ್ ಕೊಡುವುದು ನಮ್ಮ ಉದ್ಯೋಗ. ಇಲ್ಲಿ ಬರೆದದ್ದರಲ್ಲಿ ಮುಕ್ಕಾಲು ನಿಜ. ಉಳಿದ ಕಾಲು ಯಾವುದೆಂದು ಈಗ ನನಗೂ ನೆನಪಿಲ್ಲ.

ಆಫೀಸಿನಲ್ಲಿ ಒಂದು ಪರದೆ ಇತ್ತು. ಯಾವ ಮನೆಗೆ ಎಷ್ಟು ಬಂತು, ಯಾವ ಮನೆಯಿಂದ ಎಷ್ಟು ಹೋಯಿತು ಎಂದು ಅದರಲ್ಲಿ ಬಣ್ಣದ ಗೆರೆ ಏಳುತ್ತಿತ್ತು. ಹಾಡೋ, ಪತ್ರವೋ, ಸಿನಿಮಾವೋ ಅಂತ ಅಂದಾಜೂ ಸಿಗುತ್ತಿತ್ತು. ಆದರೆ ಗುಪ್ತಲಿಪಿಯಲ್ಲಿ ಹೋಗುವ ಮಾಲು ಅಂದರೆ ಬಸ್ಸಿನ ಟಾಪಿನ ಮೇಲಿಟ್ಟ ಬೀಗದ ಟ್ರಂಕು. ಎಲ್ಲಿ ಹತ್ತಿತು, ಎಲ್ಲಿ ಇಳಿಯಿತು, ತೂಕ ಎಷ್ಟು ಎಲ್ಲ ಗೊತ್ತು. ಒಳಗೆ ಅಕ್ಕಿಯೋ ಅಂಗಿಯೋ ಕಂಡಕ್ಟರನಿಗೆ ಗೊತ್ತಿಲ್ಲ. ಆದರೆ ಈ ಕಂಡಕ್ಟರ್, ಅಂದರೆ ನಾನು, ಮೂರು ತಾಲೂಕು ತಿರುಗಿ ಸಾರಿಕೊಂಡು ಬಂದಿದ್ದೆ: "ನಮಗೆ ಎಲ್ಲಾ ಕಾಣ್ತದೆ."

ಕುಮಟಾದ ವಕೀಲರು

ಮೊದಲು ನಂಬಿದವರು ಕುಮಟಾದ ಒಬ್ಬ ವಕೀಲರು. ನೆಟ್ ನಿಧಾನ ಎಂದು ಜೋರು ಮಾಡಲು ಫೋನ್ ಮಾಡಿದ್ದರು. ನಾನು ಸ್ವರ ಇಳಿಸಿ, "ಸಾರ್, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿಮ್ಮಲ್ಲಿ ಎಂತ ನಡೀತದೆ ಅಂತ ನಮಗೆ ಕಾಣ್ತದೆ" ಅಂದೆ.

ಅವರ ಜೋರು ಅಲ್ಲಿಗೇ ಇಳಿಯಿತು. ಕೋರ್ಟಿನಲ್ಲಿ ಎದುರು ಪಾರ್ಟಿಯನ್ನು ನಡುಗಿಸುವ ಮನುಷ್ಯ ನಡುಗುತ್ತಿದ್ದಾನೆಂದು ನನಗೆ ಕುಶಿಯೋ ಕುಶಿ.

"ಎಲ್ಲಾ ಕಾಣ್ತದಾ?"

"ಎಲ್ಲಾ."

"ದೇವರು ಬಂದಾಂಗೆ ಬಂದೆ ಮಾರಾಯ. ನನ್ನ ಪಾಸ್‌ವರ್ಡ್ ಮರೆತು ಹದಿನೈದು ದಿನ ಆತು. ಸ್ವಲ್ಪ ನೋಡಿ ಹೇಳು."

ಮಂಕಿಯ ಮಾಸ್ತರರು

ಮಂಕಿ ಊರಿನ ಒಬ್ಬ ನಿವೃತ್ತ ಮಾಸ್ತರರಿಗೂ ಇದೇ ಮಂತ್ರ ಹೇಳಿದ್ದೆ. ತಿಂಗಳ ನಂತರ ವೈರ್ ಸರಿಮಾಡಲು ಹೋದರೆ, ಮೇ ತಿಂಗಳ ಆ ಸೆಕೆಯಲ್ಲಿ ಮಾಸ್ತರರು ಕುತ್ತಿಗೆಯವರೆಗೆ ಗುಂಡಿ ಹಾಕಿದ ಅಂಗಿ, ಕೂದಲಿಗೆ ಎಣ್ಣೆ, ಹಣೆಗೆ ಗಂಧ ಹಚ್ಚಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದರು. ಬೆವರು ಕೀಬೋರ್ಡಿಗೆ ಇಳಿಯುತ್ತಿತ್ತು.

"ಎಲ್ಲಿಗಾದ್ರೂ ಹೊರಟದ್ದಾ ಸಾರ್?"

"ಎಲ್ಲೂ ಇಲ್ಲ. ನಿಮ್ಮ ಆಫೀಸಿನಲ್ಲಿ ಹೆಣ್ಣುಮಕ್ಕಳೂ ಇರ್ತಾರೆ. ಬರೀ ಮೈಯಲ್ಲಿ ಕೂತ್ಕಂಡ್ರೆ ಹ್ಯಾಂಗೆ?"

ನನಗೂ ಪಾಪ ಅನ್ನಿಸಿತು. "ಸಾರ್, ನಿಮ್ಮ ಕಂಪ್ಯೂಟರಿಗೆ ಕ್ಯಾಮೆರಾನೇ ಇಲ್ಲ" ಅಂದೆ.

ಮಾಸ್ತರರು ಮೇಲಿನ ಗುಂಡಿ ಇನ್ನೊಮ್ಮೆ ಸರಿಮಾಡಿಕೊಂಡರು. "ಕ್ಯಾಮೆರಾ ಇಲ್ಲದೇನೂ ನೋಡ್ತೀರಿ ಅಂತಲೇ ನನ್ನ ಹೆದರಿಕೆ."

ಪರದೆಯ ಮೇಲೆ ಬೆಳಕೆ

ಹೀಗೆ ಮೆರೆಯುತ್ತಿದ್ದಾಗ ಒಂದು ದಿನ ನಮ್ಮ ಮ್ಯಾನೇಜರರು ಪರದೆಯ ಮುಂದೆ ಕನ್ನಡಕ ಏರಿಸಿ ನಿಂತರು. ಭಟ್ಕಳದ ಹತ್ತಿರದ ಬೆಳಕೆ ಊರಿನ ಒಂದು ಮನೆಯ ಗೆರೆ ಪರದೆಯ ನೆತ್ತಿಗೆ ಹತ್ತಿತ್ತು. ಎಲ್ಲ ಮನೆಗೂ ಒಳಗೆ ಬರುವುದು ಹೆಚ್ಚು, ಹೊರಗೆ ಹೋಗುವುದು ಕಡಿಮೆ. ಈ ಮನೆಯದು ತಿರುಗುಮುರುಗು. ಬೆಳಿಗ್ಗೆ ಬಿಸಿಲು ಏರಿದಾಗ ಶುರು, ಸಂಜೆ ಬಿಸಿಲು ಇಳಿದಾಗ ಬಂದ್. ಎಲ್ಲವೂ ಬೀಗ ಹಾಕಿದ ಮಾಲು, ಎಲ್ಲವೂ ಗಲ್ಫಿಗೆ. ಆ ಒಂದು ಮನೆಯಿಂದಾಗಿ ಭಟ್ಕಳದ ಕಡೆಯ ಲೈನ್ ಪೂರ್ತಿ ಕುಂಟುತ್ತಿತ್ತು.

"ನಿಂಗೆ ಎಲ್ಲಾ ಕಾಣ್ತದಂತಲ್ಲ. ಒಳಗೆ ಎಂತದು ಹೇಳು."

"ಸಾರ್, ಅದು ಊರವರಿಗೆ ಹೇಳುವ ಮಾತು."

"ಹಾಗಾದ್ರೆ ಹೋಗಿ ನೋಡ್ಕಂಡು ಬಾ. ಶನಿವಾರದೊಳಗೆ ಗೊತ್ತಾಗದೇ ಇದ್ರೆ ಆ ಮನೆ ಲೈನ್ ಕಟ್. ನಾಳೆ ಪೊಲೀಸರು ಬಂದು ಕೇಳಿದ್ರೆ ಉತ್ತರ ಹೇಳುವವನು ನಾನು."

ನನಗೆ ರೋಮಾಂಚನ. ಕಳ್ಳಸಾಗಣೆಯೋ, ಬೇಹುಗಾರಿಕೆಯೋ, ಯಾವುದಾದರೂ ಸರಿ, ಕಂಡುಹಿಡಿದವನು ನಾನೇ ಆಗಬೇಕು. ಬೈಕಿನಲ್ಲಿ ಬೆಳಕೆ ಮುಟ್ಟುವಷ್ಟರಲ್ಲಿ ಪೇಪರಿಗೆ ಕೊಡಲು ನನ್ನ ಯಾವ ಫೋಟೋ ಒಳ್ಳೆಯದು ಎಂದೂ ನಿಶ್ಚಯ ಮಾಡಿ ಆಗಿತ್ತು.

ಆರು ಜನರ ಪಾಳಿ

ಮೀನುಗಾರರ ಮನೆ. ಜಗಲಿಯಲ್ಲಿ ಒಬ್ಬ ಅಮ್ಮ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಉಪ್ಪು ಹಾಕಿ ಒಣಗಲು ಹರಡಿದ ಬಂಗಡೆ ಮೀನು. ಕಿಟಕಿಯ ಸರಳಿಗೆ ಒಂದು ಕ್ಯಾಮೆರಾ ಕಟ್ಟಿತ್ತು, ಮುಖ ಮೀನಿನ ಕಡೆಗೆ.

"ಅಮ್ಮಾ, ಇದೆಂತ ಕ್ಯಾಮೆರಾ?"

ಅವರು ಬಾಯಿ ತೆರೆಯುವ ಮೊದಲು ಜಗಲಿಯ ದೊಡ್ಡ ಸ್ಪೀಕರಿನಿಂದ ಗಂಡು ಸ್ವರ ಗುಡುಗಿತು: "ಹೂಶ್! ಹೂಶ್! ಹೋಗ್ ಅತ್ಲಾಗೆ!" ತೆಂಗಿನ ಮರದಿಂದ ಇಳಿಯುತ್ತಿದ್ದ ಎರಡು ಕಾಗೆ ಅರ್ಧದಲ್ಲೇ ತಿರುಗಿ ಹಾರಿದವು. ನಾನೂ ನಾಲ್ಕು ಹೆಜ್ಜೆ ಹಿಂದೆ ಹಾರಿದೆ.

"ಹೆದರಬೇಡ ತಮಾ, ನನ್ನ ಮಗ" ಅಂದರು ಅಮ್ಮ. "ದುಬೈಯಲ್ಲಿ ಕೆಲ್ಸ ಮಾಡ್ತ. ನಾನು ಮೆಟ್ಟಿಲಿಂದ ಬಿದ್ದು ಕಾಲು ಮುರ್ಕಂಡೆ, ಏಳೂಕೆ ಆಗೂದಿಲ್ಲ. ಸೊಸೆ ಬೆಳಿಗ್ಗೆನೇ ಮೀನು ಮಾರೂಕೆ ಭಟ್ಕಳಕ್ಕೆ ಹೋಗ್ತದೆ. ಕಾಗೆ ಓಡ್ಸೂರು ಯಾರು? ಮಳೆಗಾಲದಲ್ಲಿ ದೋಣಿ ಇಳಿಯೂದಿಲ್ಲ, ಈ ಒಣಮೀನೇ ನಮಗೆ ಊಟ, ಇದೇ ವ್ಯಾಪಾರ. ಹಂಗಾಗಿ ಅವ್ನೇ ಅಲ್ಲಿಂದ ಓಡಿಸ್ತ."

"ದಿನ ಪೂರ್ತಿ ಒಬ್ಬರೇನಾ?"

"ಅಲ್ಲಿ ಅವನ ರೂಮಲ್ಲಿ ಆರು ಜನ ಇರ್ತ್ರು, ಎಲ್ಲಾ ಈ ಬದಿಯವರೇ. ಒಬ್ಬ ಡ್ಯೂಟಿಗೆ ಹೋದ್ರೆ ಇನ್ನೊಬ್ಬ ಕೂರ್ತ. ನೆಟ್ಟಲ್ಲಿ ಹಿಂಗೆ ಮಾತಾಡೂಕೆ ಅಲ್ಲಿ ಬಿಡೂದಿಲ್ಲ ಅಂಬ್ರು. ಅದಕ್ಕೆ ಎಂತದೋ ಬೀಗ ಹಾಕಿ ಕಳಿಸೂದಂತೆ." ಆಮೇಲೆ ಸ್ವರ ಸಣ್ಣ ಮಾಡಿ, "ಅದರಲ್ಲಿ ಶಿರಾಲಿ ಊರಿನವ ಒಬ್ಬನ ಪಾಳಿ ಬಂದ್ರೆ ಮಾತ್ರ ಎರಡು ಮೀನು ಹೋಗ್ತದೆ. ನಿದ್ರೆ ಜಾಸ್ತಿ ಅವ್ನಿಗೆ."

ಸಾಹೇಬರ ತನಿಖೆ

ಆಫೀಸಿಗೆ ಬಂದವನೇ ಇದ್ದದ್ದು ಇದ್ದ ಹಾಗೆ ಹೇಳಿದೆ. "ಸಾರ್, ದುಬೈಯಲ್ಲಿ ಕೂತು ಆರು ಜನ ಬೆಳಕೆಯ ಕಾಗೆ ಓಡಿಸ್ತಿದ್ದಾರೆ."

ಆ ಆಫೀಸಿನಲ್ಲಿ ನಾನು ಹೇಳಿದ ಮೊದಲ ಸತ್ಯ ಅದು. ಮ್ಯಾನೇಜರರು ನಂಬದೆ ಲೈನ್ ಕಟ್ ಮಾಡುವ ಚೀಟಿ ತೆಗೆದುಕೊಂಡು ಬರೆಯಲು ಕೂತರು. ಆ ಅಮ್ಮನ ಮಳೆಗಾಲ ಪೂರ್ತಿ ಆ ಪೆನ್ನಿನ ತುದಿಯಲ್ಲಿತ್ತು. ಅಮ್ಮನಾಣೆ, ದೇವರಾಣೆ, ಸಂಬಳದಾಣೆ ಎಲ್ಲ ಹಾಕಿದೆ. ಕೊನೆಗೆ ಅವರು ಚೀಟಿಯನ್ನು ಜೇಬಿಗೆ ಹಾಕಿಕೊಂಡು, "ನಡಿ, ನಾನೇ ನೋಡ್ತೆ. ಸುಳ್ಳಾದ್ರೆ ನಿನ್ನ ಲೈನೂ ಕಟ್" ಎಂದು ಬೈಕಿನ ಹಿಂದೆ ಕೂತರು.

ಬೆಳಕೆಯ ಅಂಗಳಕ್ಕೆ ಅವರು ತಲಾಶಿಗೆ ಬಂದವರ ಗತ್ತಿನಲ್ಲೇ ಇಳಿದರು. ಆದರೆ ಮನುಷ್ಯ ಮೀನುಪ್ರಿಯ. ಚಾಪೆಯ ಅಂಚಿಗೆ ಹೋದದ್ದೇ ಗತ್ತು ಸಡಿಲವಾಯಿತು. ಕುಕ್ಕರಗಾಲಿನಲ್ಲಿ ಕೂತು, ಕತ್ತು ಚಾಚಿ ಒಂದು ಬಂಗಡೆ ಎತ್ತಿ ಮೂಗಿಗೆ ಹಿಡಿದರು.

ಸ್ಪೀಕರ್ ಗುಡುಗಿತು. "ಅಮಾ, ದೊಡ್ಡ ಕಾಗೆ ಕೂತದೆ, ಎಡಕ್ಕೆ. ಕನ್ನಡಕ ಹಾಕಿದ್ದು. ಬಾಯಲ್ಲಿ ಬಂಗಡೆ ಅದೆ. ಕೋಲು ತಕ, ಕೋಲು!" ಹಿಂದಿನಿಂದ ರೂಮಿನಲ್ಲಿದ್ದವರೆಲ್ಲ ಒಟ್ಟಿಗೆ, "ಹೂಶ್! ಹೂಶ್!"

ಸಾಹೇಬರ ಕೈಯಿಂದ ಬಂಗಡೆ ಜಾರಿ ಚಾಪೆಗೆ ಬಿತ್ತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ನಗು ತಡೆಯಲು ತೆಂಗಿನ ಮರವನ್ನು ಅಪ್ಪಿಕೊಂಡಿದ್ದೆ.

ಅವರು ನಿಧಾನಕ್ಕೆ ಎದ್ದು, ಕೈ ಒರೆಸಿಕೊಂಡು, ಜೇಬಿನ ಚೀಟಿಯನ್ನು ಹರಿದು ಹಾಕಿದರು. "ಲೈನ್ ಇರಲಿ. ಆದ್ರೆ ಕ್ಯಾಮೆರಾದ ಚಿತ್ರ ಮಾತ್ರ ಈಗಲೇ ಸಣ್ಣ ಮಾಡು, ಮಸುಕು ಮಾಡು."

"ಭಟ್ಕಳದ ಲೈನಿನ ಭಾರ ಇಳೀಲಿ ಅಂತನಾ ಸಾರ್?"

"ಅದೆಲ್ಲ ಆಮೇಲೆ" ಅಂದರು ಸಾಹೇಬರು, ಕ್ಯಾಮೆರಾಗೆ ಬೆನ್ನು ಹಾಕಿ. "ಅಮ್ಮ ಒಂದು ಕಟ್ಟು ಬಂಗಡೆ ಕೊಡ್ತ್ರಾ ಕೇಳ್ತೆ. ಹೆಕ್ಕುವಾಗ ಆ ಹುಡುಗರಿಗೆ ನನ್ನ ಮುಖ ಗೊತ್ತಾಗುದು ಬೇಡ."