ಒಳಗಡೆ ಮಖಮಲ್ಲು

ನಮ್ಮ ಸೋದರಮಾವ ಕಣ್ಣಿಗೆ ಕಾಣದ್ದನ್ನು ನಂಬುವವರಲ್ಲ. ದೇವರನ್ನು ಬಿಟ್ಟದ್ದೂ ಅದಕ್ಕೇ. ಅಂಥವರು ತಾವು ಒಮ್ಮೆಯೂ ನೋಡದ ವಸ್ತುವಿಗೆ ಮರುಳಾದರು ಎಂದರೆ ನಂಬುತ್ತೀರಾ? ಎಂಬತ್ತರ ದಶಕದ ಆರಂಭವಿರಬೇಕು. ಇಸವಿಯ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಮಾವ ದಾವಣಗೆರೆಯಲ್ಲಿ ಡಾಕ್ಟರಿ ಓದುವವರಿಗೆ ಪಾಠ ಹೇಳುತ್ತಿದ್ದರು. ಅತ್ತೆಯ ಕಾಲು ಬಾತುಕೊಳ್ಳಲು ಶುರುವಾಗಿ, ಯಾವ ಔಷಧಕ್ಕೂ ಇಳಿಯದಾಯಿತು. ನಾಳಗಳಿಂದ ನೀರು ಸೋರುವುದೇಕೆಂದು ಪುಸ್ತಕಗಳಲ್ಲಿ ಹುಡುಕಿದ ಮಾವನಿಗೆ ಸಿಕ್ಕಿದ್ದು ನಾಳದ ಒಳಗಿನ ಈ ಅಸ್ತರು. ಕೂದಲಿಗಿಂತ ಸಪೂರವಾದ ರಕ್ತನಾಳದ ಒಳಮೈಗೆ ಸಕ್ಕರೆ, ಪ್ರೋಟೀನಿನ ಎಳೆಗಳು ಮಖಮಲ್ಲಿನ ಜುಂಗಿನಂತೆ ಎದ್ದು ನಿಂತಿರುತ್ತವಂತೆ. ರಕ್ತಕಣ ಗೋಡೆಗೆ ಉಜ್ಜದಂತೆ, ನೀರು ಬೇಕಾಬಿಟ್ಟಿ ಸೋರದಂತೆ ಕಾಯುತ್ತವಂತೆ. ಅವು ಸವೆದರೆ ನೀರು ಸೋರಿ ಮೈ ಬಾತುಕೊಳ್ಳುತ್ತದಂತೆ. ಆದರೆ ನೋಡಬೇಕೆಂದು ತೊಳೆದು ಒಣಗಿಸಿದಿರೋ, ಮಾಯ! ಅದಕ್ಕೆ ಬಣ್ಣ ಹಿಡಿಸಿ ದೊಡ್ಡ ಯಂತ್ರದಲ್ಲಿ ನೋಡಿದವರೆಲ್ಲ ಪರದೇಶದವರು.

ಒಂದು ದಿನ ಮಾವ ಮಖಮಲ್ಲು ಕೊಂಡು ಟೇಲರ್ ಸಾಬರ ಅಂಗಡಿಗೆ ನನ್ನನ್ನೂ ಎಳೆದೊಯ್ದರು.

“ಸಾಬ್ರೇ, ಇದರಾಗ ಒಂದು ತೋಳು ಹೊಲೀರಿ. ಜುಂಗು ಒಳಗಿರ್ಲಿ.”

“ಡಾಕ್ಟ್ರೇ, ಮಖಮಲ್ಲು ಒಳಗ ಹಾಕಿದ್ರ ಯಾರಿಗ್ ಕಾಣತೈತ್ರಿ?”

“ಯಾರಿಗೂ ಕಾಣಲ್ಲ. ನನ್ನ ಕಷ್ಟನೂ ಅದೇ ಐತೆ.”

ಅತ್ತೆ ಹರಿಹರದ ತವರುಮನೆಯಲ್ಲಿದ್ದರು. ಅವರಿಗೆ ತೋರಿಸಲೆಂದು ಮಾವ ಆ ತೋಳನ್ನು ಕೈಗೆ ತೊಟ್ಟೇ ಬಸ್ಸು ಹತ್ತಿದರು.

ಪಕ್ಕದ ಅಜ್ಜಿ ಮರುಗಿದಳು: “ಕೈ ಮುರಿದೈತೇನಪ್ಪಾ?”

“ಇದು ಕೈ ಅಲ್ಲಮ್ಮ, ರಕ್ತನಾಳ.”

ಅಜ್ಜಿ ಚೀಲ ಎತ್ತಿಕೊಂಡು ಮುಂದಿನ ಸೀಟಿಗೆ ಹೋದಳು. ಮಾವ ಉಳಿದ ದಾರಿಯುದ್ದಕ್ಕೂ ನನಗೇ ಪಾಠ ಹೇಳಿದರು. ಸವೆದ ಜುಂಗು ಮತ್ತೆ ಬೆಳೆಯುತ್ತದೆಯೇ ಎಂದು ಕೇಳಿದೆ. “ಗೊತ್ತಿಲ್ಲ,” ಎಂದು ಕಿಟಕಿಯತ್ತ ತಿರುಗಿದರು.

ಹರಿಹರದಲ್ಲಿ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಮಾವ ಎಂದಿನಂತೆ ಒಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬಾವು ಎಷ್ಟಿದೆಯೆಂದು ನೋಡಲು ಹೆಬ್ಬೆರಳಿನಿಂದ ಒತ್ತಿ, ಬಿದ್ದ ಕುಳಿ ತುಂಬುವುದನ್ನೇ ಕಾಯುತ್ತ ಕೂತರು.

ಅತ್ತೆಯ ತಮ್ಮ ಛೇಡಿಸಿದರು: “ಏನ್ ಭಾವಾರೆ, ಕಾಲು ಒತ್ತೋದೇ ಆದ್ರ ಪೂರ್ತಿ ಒತ್ರಿ. ಒಂದೇ ಬೆರಳೇನು?”

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ಕುಳಿ ತುಂಬಿರಲಿಲ್ಲ.

ಆಮೇಲೆ ಆ ತೋಳನ್ನು ಮಗುಚಿ, ಒಳಗಿನ ಮಖಮಲ್ಲು ತೋರಿಸಿ ಅತ್ತೆಗೂ ಪಾಠ ಹೇಳಿದರು. ಅತ್ತೆ ಮೆಲ್ಲಗೆ ಕೇಳಿದರು: “ರೀ, ಒಳಗಿನ ಆ ಜುಂಗು ಸವೆದ್ರ ಮತ್ತ ಬೆಳೀತೈತೇನು?”

ಪುರಾವೆಯಿಲ್ಲದೆ ನಾಳೆ ಸೋಮವಾರ ಎಂದೂ ಹೇಳದ ಮನುಷ್ಯ, “ಬೆಳೀತೈತೆ,” ಅಂದರು.

“ನಿಮಗ ಸುಳ್ಳು ಹೇಳಾಕ ಬರಲ್ಲ ಬಿಡ್ರಿ,” ಎಂದ ಅತ್ತೆ, ತವರಿನವರೆಲ್ಲ ನೋಡುತ್ತಿರುವಾಗಲೇ ಇನ್ನೊಂದು ಕಾಲನ್ನೂ ಎತ್ತಿ ಅವರ ತೊಡೆಯ ಮೇಲಿಟ್ಟರು.