ಅರೆಮುಡಿ ಅಕ್ಕಿಗೆ ಸಿಕ್ಕಿದ ಸೆಂಟರ್ ಫಾರ್ವರ್ಡ್

ಮೊದಲು ನಷ್ಟದ ವಿಷಯ ಹೇಳಿಬಿಡುತ್ತೇನೆ. ಲಾಭದ ಮಾತು ಈ ಬರಹದಲ್ಲಿ ಎಲ್ಲಿಯೂ ಬರುವುದಿಲ್ಲ, ಕಾಯಬೇಡಿ. ಒಂದು ಕಾಲ್ಚೆಂಡಿನ ಪಂದ್ಯದಿಂದ ನಾನು ಕಳೆದುಕೊಂಡದ್ದು ಬಂಟ್ವಾಳದ ಸಂಘದ ಅಧ್ಯಕ್ಷ ಪದವಿ, ಮೂಡುಬಿದಿರೆಯ ಹೆಂಡತಿ ಮನೆಯ ಊಟ, ಮತ್ತು 'ವ್ಯಾಪಾರ ಕಲಿಯುವುದಿದ್ದರೆ ಇವರಿಂದ ಕಲಿಯಬೇಕು' ಎಂದು ಪೇಟೆಯಲ್ಲಿ ನನಗಿದ್ದ ಹೆಸರು. ಕಾರಣ ಇಷ್ಟೇ. ಒಂದು ಒಳ್ಳೆಯ ವಸ್ತು ನನಗೆ ಕಡಿಮೆ ಬೆಲೆಗೆ ಸಿಕ್ಕಿತು.

ನಾನು ಹುಟ್ಟಿನಿಂದ ಸಾಹುಕಾರನಲ್ಲ. ನೇತ್ರಾವತಿಯ ಕಡವಿನಲ್ಲಿ ದೋಣಿಯಿಂದ ಅಕ್ಕಿಮುಡಿ ಹೊತ್ತು ಇಳಿಸುತ್ತಿದ್ದವ, ಅದೇ ಅಕ್ಕಿಮುಡಿ ಮಾರುವ ಅಂಗಡಿ ಹಾಕಿದೆ. ಬೈಹುಲ್ಲಿನಲ್ಲಿ ಉರುಟಾಗಿ ಕಟ್ಟಿದ ಮುಡಿಯನ್ನು ಹೊರಗಿನಿಂದ ತಟ್ಟಿಯೇ ಒಳಗಿನ ಅಕ್ಕಿ ಹೊಸತೋ ಹಳತೋ ಹೇಳಬಲ್ಲೆ. ಚೌಕಾಸಿಯಂತೂ ರಕ್ತದಲ್ಲಿಯೇ ಉಂಟು. ದೇವರಿಗೆ ಹರಕೆ ಹೇಳುವಾಗಲೂ ಎರಡು ತೆಂಗಿನಕಾಯಿ ಎಂದು ಹೇಳಿ, ಕೆಲಸ ಆದ ಮೇಲೆ ಒಂದಕ್ಕೆ ಒಪ್ಪಿಸಿದವ ನಾನು. ಇಂಥವನಿಗೆ ಕಾಲ್ಚೆಂಡು ಯಾವ ದೊಡ್ಡ ವಿಷಯ?

ನಮ್ಮ ಕಡವಿನ ಸಂಘಕ್ಕೂ ಮೂಡುಬಿದಿರೆಯ ಕೆರೆಕಟ್ಟೆ ಸಂಘಕ್ಕೂ ಇದ್ದ ವೈರದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಅದು ಗೋಲಿನಿಂದ ಹುಟ್ಟಿದ ವೈರವಲ್ಲ. ಪಾಯಸದಿಂದ ಹುಟ್ಟಿದ್ದು. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಮೊದಲ ಪಂದ್ಯಕ್ಕೆಂದು ನಮ್ಮವರು ಮೂಡುಬಿದಿರೆಗೆ ಹೋದರು. ಪಂದ್ಯಕ್ಕೆ ಮೊದಲು ಅಲ್ಲಿಯವರು ಬಾಳೆಲೆ ಹಾಕಿ, ಹೆಸರುಬೇಳೆ ಪಾಯಸ ಬಡಿಸಿದರು. ಪುಕ್ಕಟೆ ಪಾಯಸ. ನಮ್ಮವರು ನಾಚಿಕೆ ಬಿಟ್ಟು ಉಂಡರು. ಆಮೇಲೆ ಚೆಂಡು ಬಂದಾಗ ಓಡಲಿಕ್ಕೆ ಯಾರಿಗೂ ಆಗಲಿಲ್ಲ. ಗೋಲು ಕಾಯುವವನು ಕಂಬಕ್ಕೆ ಒರಗಿ ನಿಂತಲ್ಲಿಯೇ ತೂಕಡಿಸಿದ. ಸೋತು ಬಂದವರು, "ಅವರು ಆಡಿ ಗೆದ್ದದ್ದಲ್ಲ, ಬಡಿಸಿ ಗೆದ್ದದ್ದು" ಎಂದರು.

ಮರುವರ್ಷ ಅವರು ಬಂಟ್ವಾಳಕ್ಕೆ ಬಂದರು. ಉಪಚಾರದ ಜವಾಬ್ದಾರಿ ನನ್ನದು. ಒಬ್ಬೊಬ್ಬರಿಗೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಉಪಚಾರಕ್ಕೆ ಉಪಚಾರವೂ ಆಯಿತು, ಖರ್ಚೂ ಉಳಿಯಿತು ಎಂದು ನಾನು ಬೀಗಿದೆ. ಮೂಡುಬಿದಿರೆಯವರು ಹಸಿದ ಹೊಟ್ಟೆಯಲ್ಲಿ ಸೋತು, ಬಸ್ಸು ಹತ್ತುವಾಗ ತಿರುಗಿ ನಿಂತರು. ಅವರ ಮುಖಂಡ ಅಲ್ಲಿಯೇ ಆಣೆ ಹಾಕಿದರು. "ಇನ್ನು ಈ ಊರಿನಲ್ಲಿ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲ."

ಆ ಮುಖಂಡರೇ ನನ್ನ ಹೆಂಡತಿ ಕಮಲಳ ಅಣ್ಣ, ಸಂಜೀವ ಭಾವ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಗಡಿಗಳೇ ಬದಲಾದವು, ಭಾವ ಬದಲಾಗಲಿಲ್ಲ. ಬಂಟ್ವಾಳದಲ್ಲಿ ಯಾರದ್ದೋ ಮದುವೆಗೆ ಬಂದಾಗ ಸ್ವಂತ ಕೂಜೆಯಲ್ಲಿ ಮೂಡುಬಿದಿರೆಯ ನೀರು ತಂದು, ಎಲ್ಲರೂ ನೋಡುವಂತೆ ಕುಡಿದು ಹೋದರು. ನಮ್ಮ ಮನೆಗಂತೂ ಬರಲೇ ಇಲ್ಲ.

ಇಷ್ಟಾದರೂ ನನಗೆ ತೊಂದರೆ ಇರಲಿಲ್ಲ. ಭಾವ ಬಾರದಿದ್ದರೆ ಒಂದು ಊಟ ಉಳಿಯಿತು. ಆದರೆ ನಮ್ಮ ಮಗಳು ಶಾರದೆ ಶಾಲೆಗೆ ಹೋಗಲಿಕ್ಕೆ ಸುರುಮಾಡಿದರೂ ಅವಳ ಕಿವಿ ಚುಚ್ಚಿರಲಿಲ್ಲ. ಕಿವಿ ಚುಚ್ಚುವಾಗ ಮಗು ಸೋದರಮಾವನ ಮಡಿಲಲ್ಲಿ ಕೂರಬೇಕು. ಇದ್ದ ಒಬ್ಬ ಸೋದರಮಾವ ಕೂಜೆ ಹಿಡಿದುಕೊಂಡು ದೂರ ನಿಂತಿದ್ದರು.

"ಊರಿನ ಹೆಣ್ಣುಮಕ್ಕಳಿಗೆಲ್ಲ ಕಿವಿಯಲ್ಲಿ ಬೆಂಡೋಲೆ ಉಂಟು, ನನ್ನ ಮಗಳ ಕಿವಿಯಲ್ಲಿ ಬೇವಿನ ಕಡ್ಡಿಯೂ ಇಲ್ಲ" ಎಂದಳು ಕಮಲ. "ನಿಮ್ಮ ಚೆಂಡಿಗೆ ಗಾಳಿ ಹಾಕ್ತಾ ಕೂತುಕೊಳ್ಳಿ. ನಾಳೆ ಗಂಡಿನವರು ಬಂದಾಗ ಏನು ತೋರಿಸ್ತೀರಿ, ಗೆದ್ದ ಕಪ್ಪಾ?"

"ಕಪ್ಪು ಇಲ್ಲ ಮಾರಾಯ್ತಿ, ಕಳೆದ ಸಲ ಸೋತದ್ದಲ್ಲವಾ?"

"ಅದೂ ಇಲ್ಲ" ಎಂದು ಅವಳು ಒಳಗೆ ಹೋದಳು.

ಹೆಂಡತಿಯ ಕಣ್ಣಲ್ಲಿ ನೀರು ಕಂಡರೆ ನನಗೆ ವ್ಯಾಪಾರ ಬುದ್ಧಿ ಓಡುತ್ತದೆ. ಒಂದು ಪಂದ್ಯದಿಂದಲೇ ಎಲ್ಲವನ್ನೂ ತೀರ್ಮಾನ ಮಾಡುವ ಉಪಾಯ ಹೊಳೆಯಿತು. ಗೆದ್ದವರ ಊರಿನಲ್ಲಿ ಕಿವಿ ಚುಚ್ಚುವುದು. ನಾವು ಗೆದ್ದರೆ ಭಾವ ಬಂಟ್ವಾಳಕ್ಕೆ ಬಂದು, ನಮ್ಮ ಮನೆಯ ನೀರು ಕುಡಿದು, ಮಗುವನ್ನು ಮಡಿಲಲ್ಲಿ ಕೂರಿಸಬೇಕು. ಅವರು ಗೆದ್ದರೆ ನಾವು ಮೂಡುಬಿದಿರೆಗೆ ಹೋಗುವುದು. ಆದರೆ ಸೋಲುವ ಪಂದ್ಯ ಕಟ್ಟುವಷ್ಟು ದಡ್ಡ ನಾನಲ್ಲ. ಮೊದಲು ಸರಕು ಬೇಕು. ಅದನ್ನು ಹುಡುಕಿಕೊಂಡು ಮಂಗಳೂರಿಗೆ ಹೋದೆ.

ಅಲ್ಲಿ ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ಲಿಗೋರಿ ಎಂಬವನಿದ್ದ. ತಲೆಗೆ ಎಣ್ಣೆ ಸುರಿದು, ಚಡ್ಡಿಯ ಕಿಸೆಯಲ್ಲಿ ಬಾಚಣಿಗೆ ಇಟ್ಟುಕೊಂಡು ಆಡುವವ. ಗೋಲು ಹೊಡೆದ ಮೇಲೆ ಮೊದಲು ಕೂದಲು ಬಾಚುವುದು, ಮತ್ತೆ ಸಂತೋಷ ಪಡುವುದು. ಕೇಳಿದ್ದು ಒಂದು ಮುಡಿ ಕುಚ್ಚಲಕ್ಕಿ.

"ಒಂದು ಪಂದ್ಯಕ್ಕೆ ಒಂದು ಮುಡಿಯಾ? ನೀನು ಆಡುವುದು ಕಾಲಿನಿಂದಲಾ, ಬೆಳ್ಳಿ ಗೆಜ್ಜೆಯಿಂದಲಾ?"

"ಆಡುವುದು ಕಾಲಿನಿಂದಲೇ ಧಣಿಗಳೇ. ಆದರೆ ಮನೆಯಲ್ಲಿ ಉಣ್ಣುವ ಬಾಯಿ ತುಂಬ ಉಂಟು."

ನಾನು ಮುಖ ಸಣ್ಣದು ಮಾಡಿದೆ. ಎದ್ದು ಹೊರಟೆ. ತಿರುಗಿ ಬಂದೆ. ಎಲ್ಲ ಕ್ರಮಪ್ರಕಾರ ಮಾಡಿದೆ. ಅವನು ಅಲುಗಲಿಲ್ಲ. ಆಗ ನನಗೆ ಯಕ್ಷಗಾನ ನೆನಪಾಯಿತು. ನಮ್ಮಲ್ಲಿ ಹೆಸರಾದ ವೇಷಧಾರಿಯನ್ನು ಇಡೀ ರಾತ್ರಿಗೆ ಕರೆಸುವ ತಾಕತ್ತು ಇಲ್ಲದಿದ್ದರೆ, ಅರ್ಧ ರಾತ್ರಿಗೆ ಮಾತ್ರ ವೀಳ್ಯ ಕೊಡುವುದುಂಟು. ಅವನು ಬಂದು, ಕುಣಿದು, ಚಪ್ಪಾಳೆ ಗಿಟ್ಟಿಸಿ ಹೊರಟುಹೋಗುತ್ತಾನೆ. ಬೆಳಗಿನವರೆಗೆ ಊರಿನ ವೇಷಗಳು ಸುಧಾರಿಸುತ್ತವೆ. ಕಾಲ್ಚೆಂಡಿಗೆ ಅದು ಯಾಕೆ ಆಗಬಾರದು?

"ಹಾಗಾದರೆ ಮೊದಲರ್ಧ ಮಾತ್ರ ಆಡು. ಅರೆಮುಡಿ ಕೊಡ್ತೇನೆ. ನೀನು ಗೋಲು ಹೊಡೆದು ಕೊಡು, ಮತ್ತೆ ಅದನ್ನು ಕಾಯುವುದು ನಮ್ಮವರ ಕೆಲಸ."

"ಉಳಿದರ್ಧ?"

"ಉಳಿದರ್ಧ ನಿನ್ನದು. ಕೂತುಕೋ, ಮಲಗಿಕೋ, ಏನು ಬೇಕಾದರೂ ಮಾಡು."

ಲಿಗೋರಿ ಬಾಚಣಿಗೆ ತೆಗೆದು ತುಂಬ ಹೊತ್ತು ತಲೆ ಬಾಚಿದ. "ಆಯ್ತು ಧಣಿಗಳೇ. ಉಳಿದರ್ಧ ನನ್ನದು." ನಾನು ವೀಳ್ಯ ಕೊಟ್ಟೆ. ವೀಳ್ಯ ತೆಗೆದುಕೊಂಡ ಮೇಲೆ ಮಾತು ಮಾತೇ.

ಮನೆಗೆ ಬಂದು ಹೇಳಿದರೆ ಕಮಲ ಹುಬ್ಬು ಗಂಟು ಹಾಕಿದಳು. "ಅರ್ಧ ಮನುಷ್ಯನನ್ನು ಖರೀದಿ ಮಾಡಿದವರು ನೀವೇ ಮೊದಲು. ಉಳಿದರ್ಧದಲ್ಲಿ ಅವ ಏನು ಮಾಡ್ತಾನೆ?"

"ವೀಳ್ಯ ಜಗಿಯುತ್ತಾನೆ. ನಿನಗೆ ವ್ಯಾಪಾರ ಗೊತ್ತಾಗುವುದಿಲ್ಲ."

ಒಂದು ತೊಡಕು ಮಾತ್ರ ಉಳಿದಿತ್ತು. ಆಟದ ನಡುವೆ ಆಟಗಾರರನ್ನು ಬದಲಿಸುವ ಕ್ರಮ ಆಗ ನಮ್ಮಲ್ಲಿರಲಿಲ್ಲ. ಅದಕ್ಕೆ ಷರತ್ತು ಬೇಕು. ಎರಡೂ ಸಂಘದವರು ಬೆಳ್ತಂಗಡಿಯ ಒಂದು ಹೋಟೆಲಿನಲ್ಲಿ ಕೂತೆವು. ಅದು ಇಬ್ಬರ ಊರೂ ಅಲ್ಲ, ಚಾ ಕುಡಿಯಬಹುದು. ಭಾವನಿಗೂ ನನಗೂ ಮಾತಿಲ್ಲದ ಕಾರಣ ನಮ್ಮ ತಂಡದ ಕಪ್ತಾನ ಮೋನಾಕನನ್ನು ಮಧ್ಯೆ ಕೂರಿಸಿದ್ದೆವು. ಮೋನಾಕ ಬಂಟ್ವಾಳದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟ ಬ್ಯಾರಿ, ಜಗಳ ಇಷ್ಟವಿಲ್ಲದ ಮನುಷ್ಯ.

"ಮೋನಾಕ, ನಿಮ್ಮ ಧಣಿಗೆ ಹೇಳಿ, ಕಿವಿಯ ವಿಷಯ ನನಗೆ ಒಪ್ಪಿಗೆ" ಎಂದರು ಭಾವ, ನನ್ನ ಮೂಗಿನ ಎದುರೇ ಕೂತು.

"ಮೋನಾಕ, ಅವರಿಗೆ ಹೇಳಿ, ಇನ್ನೊಂದು ಷರತ್ತು ಉಂಟು. ಅರ್ಧ ಆಟ ಆದ ಮೇಲೆ ಯಾರನ್ನು ಬೇಕಾದರೂ ಇಳಿಸಬಹುದು, ಎಲ್ಲಿಂದ ಬೇಕಾದರೂ ತರಬಹುದು. ಇನ್ನೊಬ್ಬರು ಬಾಯಿ ತೆರೆಯಬಾರದು."

ಭಾವ ಒಂದು ಗುಟುಕು ಚಾ ಕುಡಿದು, "ಒಪ್ಪಿಗೆ" ಎಂದರು. ಅಷ್ಟೇ. ಒಂದು ಎದುರು ಮಾತಿಲ್ಲ. ಮೋನಾಕ ನನ್ನ ಮುಖ ನೋಡಿದ. ಭಾವನಿಗೆ ವ್ಯವಹಾರ ಬರುವುದಿಲ್ಲ ಎಂದು ನಾನು ಒಳಗೊಳಗೆ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ತಲೆ ಗೋಡೆಗೆ ಬಡಿದುಕೊಳ್ಳುವ ಎಂದು ಕಾಣುತ್ತದೆ.

ಪಂದ್ಯ ಬೆಳ್ತಂಗಡಿಯಲ್ಲೇ, ಕೊಯ್ಲು ಮುಗಿದ ಗದ್ದೆಯಲ್ಲಿ. ಬಿದಿರಿನ ಗೋಲು ಕಂಬ. ವಿಶಿಲು ಊದಲಿಕ್ಕೆ ಅಲ್ಲಿಯ ಶಾಲೆಯ ಡ್ರಿಲ್ ಮಾಸ್ಟ್ರು. ಮಡಂತ್ಯಾರು, ಮುಂಡಾಜೆಯಿಂದಲೂ ಜನ ಬಂದು ಗದ್ದೆಯ ಹುಣಿಯ ಮೇಲೆ ಸಾಲಾಗಿ ಕೂತಿದ್ದರು. ಕಮಲ ಶಾರದೆಗೆ ಹೊಸ ಲಂಗ ಹಾಕಿ ಕರೆತಂದಿದ್ದಳು.

ಮೊದಲರ್ಧದಲ್ಲಿ ಲಿಗೋರಿ ನಮ್ಮ ನೀಲಿ ಬನಿಯಾನಿನಲ್ಲಿ ಕೊಳೆಕೆರೆಯ ಮೀನಿನ ಹಾಗೆ ನುಣುಚಿಕೊಂಡು ಹೋಗಿ ಒಂದು ಗೋಲು ಹೊಡೆದ. ಬಾಚಣಿಗೆ ತೆಗೆದು ತಲೆ ಬಾಚಿದ. ನಮ್ಮ ಹುಡುಗರು ಅವನನ್ನು ತಬ್ಬಿಕೊಂಡರು. ಗೋಲು ಕಾಯುವವನಂತೂ ಅಭಿಮಾನದಿಂದ ತನ್ನ ಕಷ್ಟ ಸುಖವನ್ನೆಲ್ಲ ಅವನಲ್ಲಿ ಹೇಳಿಕೊಂಡ. ಎಡಗಡೆಯಿಂದ ಕೆಳಗೆ ಬರುವ ಚೆಂಡು ತನಗೆ ಸರಿಯಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಿದ. ನಾನು ಕಮಲಳ ಕಡೆ ತಿರುಗಿ, "ಅಡಿಗೆಯವರಿಗೆ ಹೇಳಿಡುವ" ಎಂದೆ.

ಅರ್ಧ ಆಟಕ್ಕೆ ವಿಶಿಲು ಊದಿತು. ಲಿಗೋರಿ ನೀಲಿ ಬನಿಯಾನು ಕಳಚಿ, ಮಡಚಿ, ಮೋನಾಕನ ಕೈಯಲ್ಲಿ ಕೊಟ್ಟ. ಕೈಮುಗಿದ. ಗದ್ದೆಯ ನಡುವಿನಿಂದ ಆಚೆ ನಡೆದ.

"ಧಣಿ, ಅವ ಎಲ್ಲಿಗೆ ಹೋಗುವುದು?" ಎಂದ ಮೋನಾಕ.

"ಎಲ್ಲಿಯಾದರೂ ಕೂತುಕೊಳ್ಳಲಿಕ್ಕೆ."

"ಕೂತುಕೊಳ್ಳುವವನಿಗೆ ಕೆಂಪು ಬನಿಯಾನು ಯಾಕೆ?"

ನೋಡಿದೆ. ಲಿಗೋರಿ ಕೆರೆಕಟ್ಟೆಯವರ ಕೆಂಪು ಬನಿಯಾನಿನೊಳಗೆ ತಲೆ ತೂರಿಸುತ್ತಿದ್ದ. ತಲೆ ಹೊರಗೆ ಬಂದ ಕೂಡಲೇ ಬಾಚಿಕೊಂಡ.

ನಾನು ಪಂಚೆ ಎತ್ತಿ ಕಟ್ಟಿ ಓಡಿದೆ. ಎಷ್ಟೋ ವರ್ಷಗಳ ನಂತರ ಭಾವನ ಹತ್ತಿರ ನೇರ ಮಾತಾಡಿದೆ. "ಭಾವ, ಇದು ಮೋಸ."

ಭಾವ ನನ್ನನ್ನು ನೋಡಲೇ ಇಲ್ಲ. ನನ್ನ ಹಿಂದೆ ಏದುಸಿರು ಬಿಡುತ್ತಾ ಬಂದ ಮೋನಾಕನಿಗೆ ಹೇಳಿದರು. "ಯಾರನ್ನು ಬೇಕಾದರೂ, ಎಲ್ಲಿಂದ ಬೇಕಾದರೂ. ಷರತ್ತು ಯಾರದ್ದು ಅಂತ ನಿಮ್ಮ ಧಣಿಗೆ ಸ್ವಲ್ಪ ನೆನಪು ಮಾಡಿ."

ಡ್ರಿಲ್ ಮಾಸ್ಟ್ರ ಹತ್ತಿರ ಹೋದೆ. ಅವರು, "ನೀವೇ ಮಾಡಿದ ಕಾನೂನು ಅಲ್ಲವಾ ಮಾರಾಯ್ರೆ" ಎಂದು ವಿಶಿಲು ಬಾಯಿಗಿಟ್ಟುಕೊಂಡರು.

ಎರಡನೇ ಅರ್ಧದ ವರ್ಣನೆ ಬೇಡ. ಎಡಗಡೆಯಿಂದ ಕೆಳಗೆ ಒಂದು. ಎಡಗಡೆಯಿಂದ ಕೆಳಗೆ ಇನ್ನೊಂದು.

ಆಟ ಮುಗಿದ ಮೇಲೆ ಲಿಗೋರಿ ನನ್ನನ್ನು ಹುಡುಕಿಕೊಂಡು ಬಂದ. ಮುಖದಲ್ಲಿ ಒಂದು ಚೂರು ಅಳುಕಿಲ್ಲ. "ಧಣಿಗಳೇ, ಉಳಿದರ್ಧ ಖಾಲಿ ಉಂಟು ಅಂತ ನಿಮ್ಮ ವೀಳ್ಯ ತೆಗೆದುಕೊಂಡ ಮರುದಿನವೇ ನಾನೇ ಮೂಡುಬಿದಿರೆಗೆ ಹೋಗಿ ಹೇಳಿದೆ. ಅವರು ಚೌಕಾಸಿ ಮಾಡದೆ ಅದಕ್ಕೇ ಒಂದು ಇಡೀ ಮುಡಿ ಕೊಟ್ಟರು. ಅರೆಮುಡಿಗೆ ನಿಮಗೆ ಒಂದು ಹೊಡೆದೆ, ಇಡೀ ಮುಡಿಗೆ ಅವರಿಗೆ ಎರಡು. ಸರಿ ಉಂಟಲ್ಲ?"

ಸರಿ ಇತ್ತು. ಅದೇ ಸಂಕಟ. ಸುತ್ತ ನಿಂತವರು ನಕ್ಕರು. ನನ್ನ ಹುಡುಗರೂ ನಕ್ಕರು. ಬೇರೆ ಯಾರಾದರೂ ಬಾಯಿ ಮುಚ್ಚಿ ಬಸ್ಸು ಹತ್ತುತ್ತಿದ್ದರು. ನಾನು ಗದ್ದೆಯ ನಡುವೆ ನಿಂತು, ಮೂರು ಊರಿನ ಜನ ಕೇಳುವ ಹಾಗೆ ಆಣೆ ಹಾಕಿದೆ. "ಈ ಮೋಸಗಾರರ ಮನೆಯಂಗಳಕ್ಕೆ ನಾನು ಕಾಲಿಡುವುದಿಲ್ಲ."

ಕಮಲ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನ್ನ ಬಾಯಿ ಮುಚ್ಚಿದ್ದರೆ ಉಪಯೋಗ ಇತ್ತು.

ಆ ವಾರವೇ ಸಂಘದವರು ಸಭೆ ಸೇರಿ, ನನ್ನ ಸೇವೆಯನ್ನು ಬಹಳವಾಗಿ ಹೊಗಳಿ, ನನ್ನನ್ನು ಕಿತ್ತು ಹಾಕಿದರು. ಮೂಡುಬಿದಿರೆಯಲ್ಲಿ ಕಿವಿ ಚುಚ್ಚುವ ದಿನ ನಿಶ್ಚಯವಾಯಿತು. ಭಾವ ನಮ್ಮ ಇಡೀ ತಂಡಕ್ಕೆ ಊಟದ ಹೇಳಿಕೆ ಕಳಿಸಿದರು. ತಂಡದ ಒಬ್ಬನೂ ತಪ್ಪಿಸಲಿಲ್ಲ. ಮೋನಾಕ ಮಗುವಿಗೆಂದು ಬೆಳ್ಳಿಯ ಲೋಟ ತಂದಿದ್ದ. ನೀಲಿಯವರೂ ಕೆಂಪಿನವರೂ ಭುಜಕ್ಕೆ ಭುಜ ತಾಗಿಸಿ ಭಾವನ ಚಪ್ಪರದೊಳಗೆ ಹೋದರು. ಅಷ್ಟು ವರ್ಷದ ವೈರ ಅಲ್ಲಿಗೆ ಮುಗಿಯಿತು. ಇನ್ನೂ ವೈರದಲ್ಲಿದ್ದವ ನಾನೊಬ್ಬನೇ, ಅಂಗಳದ ಬೇಲಿಯ ದಣಪೆಯ ಹೊರಗೆ, ರಸ್ತೆ ಬದಿಯ ಕಲ್ಲಿನ ಮೇಲೆ.

"ಆಣೆಯನ್ನು ನಾನು ತೀರಿಸಿಕೊಳ್ತೇನೆ, ದೇವರಿಗೆ ತಪ್ಪು ಕಾಣಿಕೆ ಹಾಕುವ, ಬನ್ನಿ" ಎಂದಳು ಕಮಲ. "ಅಪ್ಪ ಬನ್ನಿ, ನನಗೆ ಹೆದರಿಕೆ ಆಗ್ತದೆ" ಎಂದಳು ಶಾರದೆ. ನಾನು ಆಕಾಶ ನೋಡಿದೆ.

ಕೊನೆಗೆ ಭಾವನೇ ಬಂದರು. ದಣಪೆಯ ಒಳಗೆ ಅವರು, ಹೊರಗೆ ನಾನು. ಮಧ್ಯೆ ಮೋನಾಕ ಇರಲಿಲ್ಲ. ಭಾವ ಗಂಟಲು ಸರಿಮಾಡಿ ನೇರವಾಗಿ ನನಗೇ ಹೇಳಿದರು. "ಭಾವ, ಬನ್ನಿ. ಮಗು ಕಾಯ್ತಾ ಉಂಟು."

ನನ್ನ ಎದೆ ಕರಗಿತು. ಏಳಬೇಕೆಂದು ಕಾಲೂ ಹೇಳಿತು. ಆದರೆ ಮೊದಲು ಹೇಳಿದ ಬೆಲೆಗೆ ಒಪ್ಪುವ ಅಭ್ಯಾಸ ನನಗೆ ಹುಟ್ಟಿದಲ್ಲಿಂದ ಇಲ್ಲ. ಎರಡನೇ ಸಲ ಕರೆಯಲಿ, ಏಳುತ್ತೇನೆ ಎಂದು ಮುಖ ತಿರುಗಿಸಿ ಕೂತೆ.

ಭಾವ ಚೌಕಾಸಿ ಮಾಡುವ ಜನ ಅಲ್ಲ. ಒಳಗೆ ಹೋದರು.

ಸ್ವಲ್ಪ ಹೊತ್ತಿನಲ್ಲಿ ಚಪ್ಪರದೊಳಗಿನಿಂದ ಶಾರದೆಯ ಒಂದು ಚೀರು ಕೇಳಿತು. ಮತ್ತೆ ಇನ್ನೊಂದು. ಎರಡು ಕಿವಿ. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಯಾರೂ ನೋಡುತ್ತಿರಲಿಲ್ಲ. ಪುನಃ ಕೂತೆ.

ಓದುಗರಿಗೆ ನನ್ನ ಬುದ್ಧಿಮಾತು ಬೇಕಾಗಬಹುದು, ಬೇಡದಿದ್ದರೂ ಹೇಳುತ್ತೇನೆ. ಯಾವ ವಸ್ತುವನ್ನಾದರೂ ಅರ್ಧ ಕೊಳ್ಳುವ ಮೊದಲು ಉಳಿದರ್ಧ ಯಾರ ಕೈಗೆ ಹೋಗುತ್ತದೆ ಎಂದು ಕೇಳಿ. ನೀವು ಹಾಕಿದ ಷರತ್ತಿಗೆ ಎದುರಿನವನು ತಕ್ಷಣ ಒಪ್ಪಿದರೆ ಚಾ ಅರ್ಧದಲ್ಲಿ ಬಿಟ್ಟು ಎದ್ದು ಹೋಗಿ. ಆಣೆ ಹಾಕಲೇಬೇಕಾದರೆ ಇಂಥ ತಿಂಗಳವರೆಗೆ ಎಂದು ಅವಧಿ ಸೇರಿಸಿ. ಗೊಡ್ಡು ಎಮ್ಮೆಯನ್ನೂ ಷರತ್ತಿಲ್ಲದೆ ಕೊಳ್ಳದ ನಾನು ಆಣೆಗೆ ಮಾತ್ರ ಷರತ್ತು ಹಾಕಲಿಕ್ಕೆ ಮರೆತೆ. ನೆಂಟರು ಮೊದಲ ಸಲ ಕರೆದಾಗಲೇ ಎದ್ದು ಹೋಗಿ, ಅದು ಅಂಗಡಿಯಲ್ಲ. ಇಷ್ಟು ಹೇಳಿಯೂ ನೀವು ನನ್ನಂಥವರೇ ಆಗಿದ್ದು, ಮೂಡುಬಿದಿರೆಯ ಆ ಕಲ್ಲಿನ ಮೇಲೆ ಕೂರುವ ಸಂದರ್ಭ ಬಂದರೆ, ಕೊಡೆ ತೆಗೆದುಕೊಂಡು ಹೋಗಿ. ಮಧ್ಯಾಹ್ನದ ಮೇಲೆ ಅಲ್ಲಿ ವಿಪರೀತ ಬಿಸಿಲು.