ನನ್ನ ರಕ್ತಕ್ಕೆ ದೊಡ್ಡಮ್ಮನ ಹೆಪ್ಪು

ನಮ್ಮ ದೊಡ್ಡಮ್ಮನಿಗೆ ಈ ಭೂಮಿಯ ಮೇಲೆ ಗೊತ್ತಿಲ್ಲದ ವಿಷಯ ಒಂದೇ ಒಂದು: ತನಗೆ ಗೊತ್ತಿಲ್ಲದ ವಿಷಯಗಳೂ ಇವೆ ಎಂಬುದು! ತಮ್ಮ ಊರಾದ ನರಿಕೊಂಬಿನಿಂದ ಬರುವಾಗ ಬಸ್ಸಿನ ಡ್ರೈವರಿಗೆ ಗೇರು ಬದಲಿಸಲು ಹೇಳಿಕೊಡುತ್ತಾರೆ. ಬಿ.ಪಿ. ನೋಡಲು ಬಂದ ಡಾಕ್ಟರರ ನಾಡಿಯನ್ನೇ ಹಿಡಿದು, "ನಿಮಗೆ ನಿದ್ದೆ ಸಾಲುವುದಿಲ್ಲ" ಎಂದಿದ್ದರಂತೆ. ಇದನ್ನು ನಾನು ಕಣ್ಣಾರೆ ಕಂಡೆನೋ, ಅಮ್ಮನ ಬಾಯಲ್ಲಿ ಕೇಳಿ ಕೇಳಿ ಕಂಡಂತಾಯಿತೋ, ಖಚಿತವಿಲ್ಲ.

ಹೋದ ವರ್ಷ ನನ್ನ ಪಿತ್ತಕೋಶದ ಕಲ್ಲು ತೆಗೆಯಬೇಕಾಯಿತು. ಅದಕ್ಕೆ ಮೊದಲು ಮಾಡಿದ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟುವ ಸಮಯ ಮಿತಿ ಮೀರಿತ್ತು. ಸರ್ಜನ್ ಆಪರೇಷನ್ ನಿಲ್ಲಿಸಿದರು. "ಇದು ವಂಶದಲ್ಲೇ ಬಂದದ್ದಿರಬಹುದು. ಮನೆಯಲ್ಲಿ ಯಾರಿಗಾದ್ರೂ ರಕ್ತ ನಿಲ್ಲದ ತೊಂದರೆ ಉಂಟಾ? ಗೊತ್ತಾಗದೆ ಕುಯ್ದರೆ ಜೀವಕ್ಕೆ ಅಪಾಯ."

ಅಮ್ಮ ತೀರಿಕೊಂಡು ವರ್ಷಗಳಾದವು. ಅವಳ ಕಡೆಯಲ್ಲಿ ಕೇಳಲು ಉಳಿದವರು ಅವಳ ಅಕ್ಕ, ಅಂದರೆ ಈ ದೊಡ್ಡಮ್ಮ.

"ನಮ್ಮ ಕುಟುಂಬದಲ್ಲಿ ರೋಗವಾ? ನಿನ್ನ ಅಪ್ಪನ ಕಡೆ ವಿಚಾರಿಸು!" ಎನ್ನುತ್ತಲೇ ಅವರು ನನ್ನ ರಕ್ತ ನೋಡಿದ ಮೆಲ್ಕಾರಿನ ಲ್ಯಾಬಿಗೆ ನನ್ನೊಡನೆ ಹೊರಟು ಬಂದರು. ಪರೀಕ್ಷೆಗಲ್ಲ, ಲ್ಯಾಬಿನವರಿಗೆ ಬುದ್ಧಿ ಹೇಳಲು!

ಅಷ್ಟು ಹೊತ್ತು ತುಳುವಿನಲ್ಲಿ ಮಾತಾಡುತ್ತಿದ್ದ ಲ್ಯಾಬಿನ ಮೇಡಂ, ರಿಪೋರ್ಟು ತೆರೆದೊಡನೆ ಶಾಲೆಯ ಕನ್ನಡಕ್ಕೆ ಹೊರಳಿದರು. "ಇವರ ರಕ್ತ ಹೆಪ್ಪುಗಟ್ಟುವುದು ತಡ ಆಗ್ತದೆ ಅಮ್ಮ."

ಹೆಪ್ಪು! ಮೊಸರಿನ ವಿಷಯದಲ್ಲಿ ದೊಡ್ಡಮ್ಮನೇ ಸುಪ್ರೀಂ ಕೋರ್ಟು.

"ನೀವು ಹಾಕಿದ್ದು ಎಂತ?"

"ಒಂದು ದ್ರಾವಣ ಉಂಟಮ್ಮ. ಅದನ್ನು ಹಾಕಿ ಸಮಯ ನೋಡುವುದು."

"ಫ್ರಿಜ್ಜಿನದ್ದಾ?"

"ಹೌದು."

"ಹಾಗೆ ಹೇಳಿ ಮಾರಾಯ್ತಿ! ತಣ್ಣಗಿನ ಹೆಪ್ಪಿಗೆ ಹಾಲೇ ಕಟ್ಟುವುದಿಲ್ಲ, ರಕ್ತ ಕಟ್ತದಾ? ಉಗುರುಬೆಚ್ಚಗೆ ಮಾಡ್ಬೇಕು."

"ಮಾಡ್ತೇವೆ. ಮೈಯಷ್ಟೇ ಬೆಚ್ಚಗೆ."

ದೊಡ್ಡಮ್ಮ ಸೋಲುವವರೇ? "ಹಾಗಾದ್ರೆ ಬೇರೆ ಮನೆಯಿಂದ ಒಳ್ಳೆಯದು ತಂದು ಬೆರೆಸಿ ನೋಡಿ."

ಮೇಡಂ ನಕ್ಕೇಬಿಟ್ಟರು. "ಅದೂ ಆಯ್ತು! ಆರೋಗ್ಯವಂತರ ರಕ್ತದ ನೀರು ಬೆರೆಸಿದಾಗ ಸರಿಯಾಗಿ ಕಟ್ಟಿತು. ಅಂದ್ರೆ ಇವರ ರಕ್ತದಲ್ಲಿ ಎಂತದೋ ಒಂದು ಕಡಿಮೆ ಉಂಟು."

"ನೋಡಿದೆಯಾ? ಎಲ್ಲ ನಾನು ಹೇಳಿದ ಹಾಗೆಯೇ ಮಾಡಿದ್ದು!" ಎಂದು ದೊಡ್ಡಮ್ಮ ನನ್ನ ಕಡೆ ಗೆದ್ದವರಂತೆ ತಿರುಗಿದರು.

ಆಗ ಮೇಡಂ ಮೆಲ್ಲನೆ ಕೇಳಿದರು. "ಅಮ್ಮ, ನಿಮಗೆ ಯಾವಾಗಾದ್ರೂ ರಕ್ತ ನಿಲ್ಲದೆ ಹೋದದ್ದುಂಟಾ? ಹಲ್ಲು ಕೀಳುವಾಗ? ಹೆರಿಗೆಯಲ್ಲಿ?"

ದೊಡ್ಡಮ್ಮ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಹೊತ್ತು ಓದಿದರು.

"ಎರಡನೇ ಹೆರಿಗೆಯಲ್ಲಿ," ಎಂದರು ಕೊನೆಗೆ. "ಬಟ್ಟೆ ಒಗೆದು ಮುಗಿಯುತ್ತಿರಲಿಲ್ಲ. 'ನಿನ್ನ ತವರಿನದ್ದೇ ಎಂತದೋ ಶಾಪ' ಅಂದ್ರು ನನ್ನ ಅತ್ತೆ. ಆ ಮಾತು ಹೊರಗೆ ಬಿದ್ದರೆ ನನ್ನ ತಂಗಿಗೆ ಸಂಬಂಧ ಬರ್ತಿತ್ತಾ? ಯಾರಿಗೂ ಹೇಳ್ಲಿಲ್ಲ."

ಆ ತಂಗಿಯೇ ನನ್ನ ಅಮ್ಮ.

ನಾನು ಬಾಯಿ ತೆರೆಯುವ ಮೊದಲೇ ಅವರು ತೋಳು ಮುಂದೆ ಚಾಚಿದ್ದರು. "ಬರ್ಕೊಳ್ಳಿ ಮೇಡಂ, ಒಂದೂ ಬಿಡ್ಬೇಡಿ. ನನ್ನ ರಕ್ತವನ್ನೂ ನೋಡಿ. ಮಗುವನ್ನು ಕುಯ್ಯುವ ಮೊದಲು ಎಲ್ಲ ಗೊತ್ತಾಗ್ಲಿ."

ನನಗೀಗ ಐವತ್ತೆರಡು. ಆ ದಿನದ ಡೈರಿಯಲ್ಲಿ ಪರೀಕ್ಷೆಯ ಹೆಸರನ್ನು ತಪ್ಪಾಗಿ ಬರೆದಿದ್ದೇನೆ. 'ಮಗು' ಎಂಬುದನ್ನು ಮಾತ್ರ ಸರಿಯಾಗಿ ಬರೆದಿದ್ದೇನೆ.